ಬಾಲದ ಕಡೆ ನಿಂತ ಸುತ್ತಿಗೆ

ಸ್ವಂತ ಅಕ್ಕನ ಗಂಡನನ್ನು ಸುತ್ತಿಗೆಯಿಂದ ಹೊಡೆದು ಗಾಳಿಗೆ ತೂರಿದ ಮೇಲೆ ಯಾರಿಗೆ ತಾನೇ ಊಟ ಸೇರುತ್ತದೆ? ಹೊಡೆದದ್ದು ಟಿವಿ ಪರದೆಯ ಮೇಲೆ, ನಿಜ. ಹಾರಿದ್ದು ಭಾವನ ಬೊಂಬೆ, ಅದೂ ನಿಜ. ಬಿದ್ದ ಬೊಂಬೆ ಮೈ ಕೊಡವಿಕೊಂಡು ಎದ್ದು ಮತ್ತೆ ಓಡಿತು, ಅದಂತೂ ಎಲ್ಲರೂ ಕಣ್ಣಾರೆ ಕಂಡದ್ದು. ಆದರೂ ಆ ಭಾನುವಾರ ಲಿಂಗಂಪಲ್ಲಿಯ ನರಹರಿಯ ಗೇಮ್ ಪಾರ್ಲರಿನಿಂದ ಮನೆಗೆ ಹೊರಟ ಗುರುಶಾಂತ, ಯಾರದೋ ಮನೆಯ ಕಿಟಕಿ ಗಾಜು ಒಡೆದು ಬಂದವನ ಹಾಗೆ ದಾರಿಯುದ್ದಕ್ಕೂ ಹಿಂದೆ ತಿರುಗಿ ನೋಡುತ್ತಲೇ ನಡೆದ.

ಹೊಡೆಯುವ ಪೈಕಿಯ ಮನುಷ್ಯನೇ ಅಲ್ಲ ಅವನು. ಅಪ್ಪ ಮಾಣಿಕಪ್ಪ, ಅವ್ವ ಗುಂಡಮ್ಮ ಭಾಲ್ಕಿ ಕಡೆಯಿಂದ ಹೈದರಾಬಾದಿಗೆ ಗಾರೆ ಕೆಲಸಕ್ಕೆ ಬಂದವರು. ಮಾಧಾಪುರದಲ್ಲಿ ಸಾಫ್ಟ್‌ವೇರಿನ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ ಅದು. ಕಟ್ಟಡ ಏಳುವ ತನಕ ಅದರ ಬುಡದ ತಗಡಿನ ಶೆಡ್ಡಿನಲ್ಲಿ ಇವರ ಸಂಸಾರ. ಗಾಜು ಕೂತು, ಒಳಗೆ ಕೊರಳಿಗೆ ಕಾರ್ಡು ಹಾಕಿಕೊಂಡ ಜನ ಬಂದ ಕೂಡಲೇ ಶೆಡ್ಡು ಇನ್ನೊಂದು ಗುಂಡಿಯ ಪಕ್ಕಕ್ಕೆ. ಗುರುಶಾಂತ ಕಲಿತ ಮೊದಲ ತೆಲುಗು ಮಾತು "ಜರಗು", ಮೊದಲ ಹಿಂದಿ ಮಾತು "ಹಟೋ". ಎರಡರ ಅರ್ಥವೂ ಒಂದೇ, ಪಕ್ಕಕ್ಕೆ ಸರಿ. ಲಾರಿ ಬಂತು, ಸರಿ. ಸಾಹೇಬರು ಬಂದರು, ಸರಿ. ಸರಿದು ಸರಿದು ಅವನ ಹೆಗಲೇ ಒಂದು ಕಡೆ ವಾಲಿಬಿಟ್ಟಿತ್ತು. ಈಗ ಅಪ್ಪ ಲಿಂಗಂಪಲ್ಲಿಯ ಒಂದು ಅಪಾರ್ಟ್‌ಮೆಂಟಿನ ವಾಚ್‌ಮನ್, ಮನೆ ಅದರ ಪಾರ್ಕಿಂಗಿನ ಮೂಲೆಯ ಕೋಣೆ. ಗುರುಶಾಂತನಿಗೆ ಗಚ್ಚಿಬೌಲಿಯ ಒಂದು ಕಂಪನಿಯಲ್ಲಿ ಉದ್ಯೋಗಿಗಳನ್ನು ಮನೆಗೆ ಬಿಡುವ ಕ್ಯಾಬುಗಳನ್ನು ಹೊಂದಿಸಿ ಕಳಿಸುವ ಕೆಲಸ. ಅಂದರೆ ದಿನವಿಡೀ ಫೋನಿನಲ್ಲಿ ಮೂರು ಭಾಷೆಯಲ್ಲಿ ತಪ್ಪಾಯಿತು ಅನ್ನುವ ಕೆಲಸ.

ಬಹುಶಃ ಅದಕ್ಕೇ ಪಾರ್ಲರಿನ ಬೇಟೆ ಆಟದಲ್ಲಿ ಅವನು ಎಲ್ಲಕ್ಕಿಂತ ಭಾರದ ಆಯುಧವನ್ನು ಆರಿಸಿಕೊಂಡ. ನಾಲ್ಕು ಜನ ಸೇರಿ ಬೆಟ್ಟದಷ್ಟು ದೊಡ್ಡ ಮೃಗಗಳನ್ನು ಹೊಡೆಯುವ ಆಟ. ಒಬ್ಬೊಬ್ಬರ ಕೈಗೆ ಒಂದೊಂದು ಆಯುಧ. ಬಿಲ್ಲು ಹಿಡಿದವನು ದೂರ ನಿಲ್ಲುತ್ತಾನೆ, ಉದ್ದ ಕತ್ತಿಯವನು ಬಾಲ ಕಡಿಯುತ್ತಾನೆ. ಸುತ್ತಿಗೆಯವನ ಜಾಗ ಒಂದೇ: ಮೃಗದ ತಲೆಯ ಎದುರು. ತಲೆಗೆ ಬಡಿಯುತ್ತಾ ಹೋದರೆ ಮೃಗಕ್ಕೆ ಕಣ್ಣುಕತ್ತಲೆ ಬಂದು ಮಗ್ಗುಲಾಗುತ್ತದೆ, ಆಗ ನಾಲ್ವರೂ ಮುಗಿಬೀಳಬಹುದು. ಅಷ್ಟು ಹತ್ತಿರ ನಿಲ್ಲುವುದಕ್ಕೆ ಮೈಮೇಲಿನ ಕವಚ ತಕ್ಕದ್ದಿರಬೇಕು. ಒಂದೊಂದು ಕವಚಕ್ಕೂ ಅದರದೇ ಗುಣ, ಅದರಲ್ಲಿ ಕೂರಿಸುವ ಹರಳಿಗೂ ಅದರದೇ ಗುಣ. ಎಲ್ಲವೂ ಒಟ್ಟಿಗೆ ಸಿಗುವುದಿಲ್ಲ, ಆರಿಸಬೇಕು. ಗುರುಶಾಂತ ಬಹಳ ಯೋಚನೆ ಮಾಡಿ ಆರಿಸಿದ್ದ. ಮೃಗ ಗರ್ಜಿಸಿದಾಗ ಬೇಟೆಗಾರ ಕಿವಿ ಮುಚ್ಚಿಕೊಂಡು ನಿಂತುಬಿಡುತ್ತಾನೆ, ಎತ್ತಿದ ಸುತ್ತಿಗೆ ದಂಡವಾಗುತ್ತದೆ; ಅದಕ್ಕೆ ಕಿವಿ ಕಾಯುವ ಶಿರಸ್ತ್ರಾಣ. ಸುತ್ತಿಗೆಯನ್ನು ಎತ್ತಿ ಹಿಡಿದಷ್ಟು ಹೊತ್ತೂ ಉಸಿರು ಸೋರುತ್ತದೆ. ಅದಕ್ಕೆ ಉಸಿರು ಉಳಿಸುವ ನಡುಪಟ್ಟಿ. ಬೇಗ ಕಣ್ಣುಕತ್ತಲೆ ತರಿಸುವ ಹರಳು ಎದೆಗೆ. ಉಳಿದದ್ದೆಲ್ಲ ಏಟಿನ ಬಲಕ್ಕೆ. ಆ ವೇಷದಲ್ಲಿ ಅವನು ಯಾರಿಗೂ ಸರಿಯುವವನಲ್ಲ. ಕೆಂಪು ರೆಕ್ಕೆಯ ದೈತ್ಯ ಮೃಗವೊಂದಕ್ಕೆ ಗೆಳೆಯರು ಕೆಂಪ್ಯಾ ಅಂತ ಹೆಸರಿಟ್ಟಿದ್ದರು. ಆ ಕೆಂಪ್ಯಾನೇ ಅವನನ್ನು ಕಂಡರೆ ಹಿಂದೆ ಸರಿಯುತ್ತಿತ್ತು.

ಇಂಥದ್ದರ ನಡುವೆ ಭಾವ ಬಂದದ್ದು. ಅಕ್ಕ ಭಾಗ್ಯಶ್ರೀಗೆ ಆ ಬೇಸಿಗೆಯಲ್ಲಷ್ಟೇ ಮದುವೆಯಾಗಿತ್ತು. ಗಂಡ ಸಾಯಿಕುಮಾರ ಬೀದರ ಕಡೆಯವನೇ. ಆಫೀಸು ಗೋಪುರಗಳ ದೊಡ್ಡ ಏಸಿ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ, ಮಿಯಾಪುರದಲ್ಲಿ ಬಾಡಿಗೆ ಮನೆ. ಮದುವೆಯಲ್ಲಿ ವಧುವಿನ ತಮ್ಮ ವರನ ಕಿವಿ ಹಿಂಡುವ ಶಾಸ್ತ್ರವೊಂದಿದೆ. ನಮ್ಮ ಹುಡುಗಿಯನ್ನು ಚೆನ್ನಾಗಿ ನೋಡಿಕೋ ಅಂತ ಅದರ ಅರ್ಥ. ಜೋರಾಗಿ ಹಿಂಡಿದಷ್ಟೂ ಮಂದಿ ನಗುತ್ತಾರೆ. ಗುರುಶಾಂತ ಕಾದ ಹಂಚು ಮುಟ್ಟಿದವನ ಹಾಗೆ ಭಾವನ ಕಿವಿ ಮುಟ್ಟಿ ಕೈ ಎಳೆದುಕೊಂಡಿದ್ದ. ಅಂಥ ಭಾವ ತಾನಾಗಿಯೇ, "ನಂಗೂ ಕಲಿಸೋ ನಿನ್ನ ಆಟ" ಅಂತ ಭಾನುವಾರ ಪಾರ್ಲರಿಗೆ ಬಂದಾಗ ಗುರುಶಾಂತನ ಕಾಲು ನೆಲದ ಮೇಲಿರಲಿಲ್ಲ. ಬಿಲ್ಲಿನ ರಾಮದಾಸ ಕ್ಯಾಬ್ ಡ್ರೈವರ್, ಹಳೆಯ ದೋಸ್ತ. ಉದ್ದ ಕತ್ತಿಯ ಅರವಿಂದ್ ಕೇಂದ್ರ ಸರ್ಕಾರದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಬೆಳೆದವನು, ಮೈಸೂರು ಕಡೆಯ ಮನೆತನ. ನಾಲ್ಕನೆಯವನಾಗಿ ಭಾವ, ಕೈಯಲ್ಲಿ ಸಣ್ಣ ಕತ್ತಿ ಮತ್ತು ಗುರಾಣಿ.

ಆ ಮೊದಲ ದಿನವೇ ಆದದ್ದು ಅದು. ಗುರುಶಾಂತ ಸುತ್ತಿಗೆ ಎತ್ತಿ ಹಿಡಿದಿದ್ದ, ಅದು ಕೆಂಡದ ಹಾಗೆ ಹೊಳೆಯುತ್ತಿತ್ತು. ಕೆಂಪ್ಯಾ ಬಾಯಿ ತೆರೆದು ತಲೆ ಬಗ್ಗಿಸಿತು. ಇನ್ನೇನು ಬೀಸಬೇಕು, ಅದೇ ಗಳಿಗೆಯಲ್ಲಿ ಭಾವ ಹುರುಪಿನಿಂದ ಅದರ ಗದ್ದದ ಕೆಳಗೆ ನುಗ್ಗಿದ. ಕೆಳಗಿಂದ ಮೇಲಕ್ಕೆ ಬೀಸಿದ ಸುತ್ತಿಗೆ ಮೊದಲು ಭಾವನಿಗೆ ತಗುಲಿತು. ಭಾವ ಕೈಕಾಲು ಬಡಿಯುತ್ತಾ ಪರದೆಯ ಮೇಲ್ತುದಿಯ ತನಕ ಹೋಗಿ ಬಂದ.

ಇಡೀ ಪಾರ್ಲರ್ ಹೋ ಅಂದಿತು. ರಾಮದಾಸ ಕುರ್ಚಿಯಿಂದ ಬೀಳುವುದೊಂದು ಬಾಕಿ. "ಲೇ ಗುರ್ಯಾ, ಭಾವಗ ಮಿಯಾಪುರಕ್ಕ ವಿಮಾನ ಹತ್ತಿಸಿದೇನಲೇ! ಪಾಪ, ಬೈಕಿನ ಮ್ಯಾಲ ಹೋಗ್ತಿದ್ರಲ್ಲೋ ಅವರು!"

ಭಾವನೂ ನಕ್ಕ. ಆದರೆ ಆ ನಗು ಕೆನ್ನೆಯ ತನಕ ಬಂದು ನಿಂತಿತು. ಆಟದ ರಿಮೋಟನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, "ಛಾ ಕುಡದು ಬರ್ತೀನಿ" ಅಂತ ಒಬ್ಬನೇ ಹೊರಗೆ ಹೋದ. ಬಂದ ಮೇಲೆ ಆಡಿದ, ಮಾತೂ ಆಡಿದ. ಆದರೆ ಗುರುಶಾಂತನ ಕಣ್ಣಲ್ಲಿ ಉಳಿದದ್ದು ಆ ಬಾಗಿಲಾಚೆ ಹೋದ ಬೆನ್ನು.

ಸುದ್ದಿ ಅವನಿಗಿಂತ ಮೊದಲೇ ಮನೆ ಸೇರಿತ್ತು. ಅಕ್ಕ ಫೋನಿನಲ್ಲಿ ನಗುನಗುತ್ತಾ ಹೇಳಿದ್ದಳಂತೆ. ಗುಂಡಮ್ಮನಿಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ.

"ಭಾವಗ ಹೊಡದ್ಯಂತ?"

"ಆಟದಾಗ, ಅವ್ವಾ."

"ಆಟದಾಗ ಅವರು ಭಾವ ಅಲ್ಲೇನು?"

ಅವನು ತಟ್ಟೆ ನೋಡುತ್ತಾ ಕೂತ.

"ಲಗ್ನಾದ ಮ್ಯಾಲ ಮೊದಲನೇ ಪಂಚಮಿ ಬರಾಕತ್ತೈತಿ," ಅಂದಳು ಗುಂಡಮ್ಮ. "ನೀ ಹೋಗಿ ಅಕ್ಕನ್ನ ಕರಕೊಂಡು ಬರಬೇಕು. ಹಬ್ಬದ ದಿನ ಅವರು ಬಂದು, ನಮ್ಮ ಮನ್ಯಾಗ ಉಂಡು, ಆಯಾರದ ಅರಿವಿ ತಗೊಂಡು, ಆಕಿನ್ನ ಕರಕೊಂಡು ಹೋಗಬೇಕು. ಅವರು ಬರಲಿಲ್ಲಂದ್ರ ನಿಮ್ಮಕ್ಕ ಅಲ್ಲಿ ಹ್ಯಾಂಗ ತಲಿ ಎತ್ತಬೇಕು? ನಾ ಇಲ್ಲಿ ಮಂದಿಗೆ ಏನ್ ಹೇಳ್ಲಿ, ನನ್ನ ಮಗ ಅಳಿಯಗ ಹಾರಿಸಿದಾ ಅಂತ ಹೇಳ್ಲೇನು?"

ಪಾರ್ಕಿಂಗಿನ ಕೋಣೆಯಲ್ಲಿ ಇದ್ದದ್ದು ಒಂದೇ ಪ್ಲಾಸ್ಟಿಕ್ ಕುರ್ಚಿ. ಭಾವ ಬಂದರೆ ಕೂರಲಿ ಅಂತ ಅವ್ವ ಅದನ್ನು ಒರೆಸಿ ಒರೆಸಿ ಇಡುತ್ತಿದ್ದಳು. ಆ ರಾತ್ರಿ ಊಟದ ಹೊತ್ತಿಗೆ ಗುರುಶಾಂತನಿಗೆ ಆ ಖಾಲಿ ಕುರ್ಚಿಯ ಕಡೆ ನೋಡುವುದಕ್ಕೂ ಆಗಲಿಲ್ಲ. ಪಂಚಮಿಗೆ ಭಾವ ಬರುವಂತಾಗಬೇಕು. ಅವನ ತಲೆಯಲ್ಲಿ ಅದೊಂದೇ.

ಮುಂದಿನ ಭಾನುವಾರಕ್ಕೆ ಮೊದಲೇ, ಡ್ಯೂಟಿ ಮುಗಿಸಿಕೊಂಡು ಒಬ್ಬನೇ ನರಹರಿಯ ಪಾರ್ಲರಿಗೆ ಹೋದ. ಕವಚಗಳ ಪೆಟ್ಟಿಗೆ ತೆರೆದು ಒಂದೊಂದನ್ನೇ ಕಳಚಿದ. ಕಿವಿಯ ಶಿರಸ್ತ್ರಾಣ, ಏಟಿನ ಬಲದ ಕೈಗವಚ ಹೋದವು. ಕಣ್ಣುಕತ್ತಲೆಯ ಹರಳು ಹೋಯಿತು. ಉಸಿರಿನ ಪಟ್ಟಿಯೂ ಹೋಯಿತು, ಸುತ್ತಿಗೆಯನ್ನು ಎತ್ತಿ ಹಿಡಿಯುವುದೇ ಬೇಡ ಅಂದ ಮೇಲೆ ಅದಾದರೂ ಯಾಕೆ? ಅವುಗಳ ಜಾಗಕ್ಕೆ ಬಿಳಿಯ ಮೆತ್ತನೆಯ ಉಡುಪು ಬಂತು. ಇವನು ಔಷಧಿ ಕುಡಿದರೆ ಜೊತೆಯವರ ಗಾಯವೂ ಮಾಯುವಂಥದ್ದು.

ಹಿಂದಿನಿಂದ ಇಣುಕಿದ ನರಹರಿ ನಕ್ಕ. "ಇದೇನೋ ವೇಷ? ಕೈಯಾಗ ಹ್ಯಾಮರ್, ಮೈಮ್ಯಾಲ ನರ್ಸಮ್ಮನ ಡ್ರೆಸ್! ದವಾಖಾನಿ ತೆಗಿಯಾಂವೇನು ಕಾಡಿನಾಗ?"

"ಸುಮ್ನ ನೋಡಾಕತ್ತೀನ್ರಿ," ಅಂದ ಗುರುಶಾಂತ.

ಭಾನುವಾರ ಬೇಟೆ ಶುರುವಾಯಿತು. ಕೆಂಪ್ಯಾ ರೆಕ್ಕೆ ಬಿಚ್ಚಿ ಇಳಿಯಿತು. ಗುರುಶಾಂತ ತಲೆಯ ಕಡೆ ಹೋಗಲೇ ಇಲ್ಲ. ಭಾವ ಎಲ್ಲಿದ್ದಾನೆ ನೋಡಿಕೊಂಡು ಅದಕ್ಕೆ ತಕ್ಕಂತೆ ದೂರ, ಬಾಲದ ಕಡೆ ಹೋಗಿ ನಿಂತ. ಸುತ್ತಿಗೆಯಿಂದ ಬಾಲ ಕಡಿಯುವುದಿಲ್ಲ, ಚೆಂಡು ಹೂವಿನ ಮಾಲೆಗೆ ಬಡಿದ ಹಾಗೆ ಧಪ್ಪಂತ ಸದ್ದಾಗುತ್ತದೆ ಅಷ್ಟೆ. ಅಲ್ಲಿ ಮೊದಲೇ ನಿಂತಿದ್ದ ಅರವಿಂದ್ ಹುಬ್ಬೇರಿಸಿದ.

"ಗುರುಶಾಂತ್, ನೀವು ಇಲ್ಲಿಗ್ಯಾಕೆ ಬರ್ತಿದ್ದೀರಾ? ತಲೆ ಹತ್ರ ಯಾರಿದ್ದಾರೆ?"

"ಕೆಂಪ್ಯಾ ಇವತ್ತ ಭಾಳ ಹೊಳ್ಳಾಡಾಕತ್ತೈತ್ರಿ. ತಲಿ ಸಿಗವಲ್ದು." ಸುಳ್ಳು ಸಲೀಸಾಗಿ ಬಂತು.

ತಲೆಯ ಹತ್ತಿರ ಇದ್ದದ್ದು ಭಾವ. ಜಾಗ ಖಾಲಿ ಕಂಡು, ಯಾರಾದರೂ ನಿಲ್ಲಬೇಕಲ್ಲ ಅಂತ ಪಾಪ ಅವನೇ ಅಲ್ಲಿ ನಿಂತ. ಸಣ್ಣ ಕತ್ತಿಗೆ ಕೆಂಪ್ಯಾ ಹೆದರೀತೇ? ಕಣ್ಣುಕತ್ತಲೆ ಇಲ್ಲ, ಮಗ್ಗುಲಾಗುವುದಿಲ್ಲ, ಮೈಯೆಲ್ಲ ಹುರುಪಿನಿಂದ ಅದು ಭಾವನ ಮೇಲೇ ಬೆಂಕಿ ಕಾರಿತು. ಭಾವ ಬಿದ್ದ. ಎದ್ದು ಬಂದ, ಮತ್ತೆ ಬಿದ್ದ. ಈ ಆಟದಲ್ಲಿ ಒಬ್ಬರೇ ಬೀಳಲಿ, ಬೇರೆ ಬೇರೆಯವರು ಬೀಳಲಿ, ಮೂರು ಸಲ ಬಿದ್ದರೆ ಎಲ್ಲರ ಬೇಟೆಯೂ ಮುಗಿದಂತೆ. ಭಾವ ಮೂರನೇ ಸಲವೂ ಬಿದ್ದ. ಪರದೆ ಕಪ್ಪಾಯಿತು. ಬಿದ್ದವರ ಹೆಸರು ದೊಡ್ಡ ಅಕ್ಷರದಲ್ಲಿ ಬಂತು, ಮೂರು ಕಡೆಯೂ ಸಾಯಿಕುಮಾರ. ಯಾರು ಏನು ಉಟ್ಟಿದ್ದರು ಅಂತ ಆ ಪರದೆ ಹೇಳುವುದಿಲ್ಲ.

"ಇವತ್ತು ಅದಕ್ಕೆ ಒಂದು ಸಲಾನೂ ತಲೆ ಸುತ್ತಲಿಲ್ಲವಲ್ಲ," ಅಂದ ಅರವಿಂದ್, ತನಗೆ ತಾನೇ ಅನ್ನುವ ಹಾಗೆ.

ಗುರುಶಾಂತ ರಿಮೋಟಿನ ಗುಂಡಿ ಒರೆಸಿದ. ಈಗ ಹೇಳಿಬಿಡಲೇ? ಹೇಳಿದರೆ ಭಾವನಿಗೆ ಮತ್ತೆ ಅವಮಾನವಲ್ಲವೇ? ನಿಮಗೆ ಹೆದರಿ ಬಾಲದ ಕಡೆ ಸರಿದೆ ಅಂದಂತಲ್ಲವೇ? ಹೀಗೆ ಭಾವನ ಮರ್ಯಾದೆಯ ಹೆಸರಲ್ಲಿ ತನ್ನ ಬಾಯಿಗೆ ತಾನೇ ಬೀಗ ಹಾಕಿಕೊಂಡು, ಆ ಬೀಗಕ್ಕೆ ವಿನಯ ಅಂತ ಹೆಸರಿಟ್ಟುಕೊಂಡು ಕೂತ.

ಅದರ ಮುಂದಿನ ಭಾನುವಾರವೂ ಇದೇ ಕತೆ. ಭಾವ ಹೊಸ ಗುರಾಣಿ ಹಿಡಿದು ಬಂದಿದ್ದ, ಎಲ್ಲೋ ನೋಡಿ ಕಲಿತು ಬಂದಿದ್ದ, ಹಿಂದಿನ ಸಲಕ್ಕಿಂತ ಹೆಚ್ಚು ಹೊತ್ತು ತಡೆದ. ಆದರೂ ಬಿದ್ದ. ಕೊನೆಗೆ ಎದ್ದು, "ನಾ ಬ್ಯಾಡ್ರಿ, ನೀವು ಮೂರೂ ಮಂದಿ ಆಡ್ರಿ. ನನಗ ಕೆಲಸಾನೂ ಐತಿ" ಅಂತ ಚಪ್ಪಲಿ ಮೆಟ್ಟಿ ಹೊರಟ. ಈ ಸಲ ಚಹಾದ ಮಾತು ಬರಲಿಲ್ಲ.

ಭಾವನ ಬೈಕಿನ ಸದ್ದು ಕರಗಿದ ಮೇಲೆ ರಾಮದಾಸ ಮೈ ಮುರಿದ. "ನಿಮ್ಮ ಭಾವ ಛಲೋ ಮನಷ್ಯಾ ಬಿಡು. ಆದ್ರ ಬೇಟೆಗೆ ಉಪಯೋಗಿಲ್ಲ. ಅವರು ಬರೋತನಕಾ ನಾವು ಒಂದರ ಸೋತಿದ್ವೇನಲೇ? ಖರೆ ಹೇಳು, ಅವರಿಂದನ ಅಲ್ಲೇನು?"

ಗುರುಶಾಂತ ತಲೆಯಾಡಿಸಿದ.

ಯಾರೂ ಒತ್ತಾಯ ಮಾಡಿರಲಿಲ್ಲ. ಸುಮ್ಮನಿರಬಹುದಿತ್ತು, ನೀರು ಕುಡಿಯಲು ಏಳಬಹುದಿತ್ತು. ಆದರೆ ತಲೆ ತಾನಾಗಿಯೇ ಹೌದು ಅಂತ ಕೆಳಗೆ ಹೋಗಿ ಮೇಲೆ ಬಂತು. ಆಮೇಲೆ ಅವನಿಗೆ ಆ ಕುತ್ತಿಗೆಯೇ ತನ್ನದಲ್ಲ ಅನ್ನಿಸಿತು. ಸ್ನಾನ ಮಾಡುವಾಗ, ಬಸ್ಸಿನಲ್ಲಿ ಕೂತಾಗ, ಫೋನಿನಲ್ಲಿ ಯಾರದೋ ಕ್ಯಾಬಿಗೆ ತಪ್ಪಾಯಿತು ಅನ್ನುವಾಗ ಆ ತಲೆಯಾಡಿಕೆ ನೆನಪಾಗಿ ಕಿವಿ ಬಿಸಿಯಾಗುತ್ತಿತ್ತು. ಭಾವನನ್ನು ಹಾರಿಸಿದ ನಾಚಿಕೆ ಇದರ ಮುಂದೆ ಏನೂ ಅಲ್ಲ. ಅದು ಕೈ ತಪ್ಪಿ ಆದದ್ದು.

ಪಂಚಮಿಯ ಹಿಂದಿನ ದಿನ ಅಕ್ಕನನ್ನು ಕರೆತರಲು ಮಿಯಾಪುರಕ್ಕೆ ಹೋದ. ಭಾಗ್ಯಶ್ರೀ ಹಸಿರು ಬಳೆ ತೊಟ್ಟು, ಚೀಲ ಕಟ್ಟಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಭಾವ ನೀರು ಕೊಟ್ಟ, ಫ್ಯಾನು ಹಾಕಿದ, ಕೂತ್ಕೋ ಅಂದ. ಎಲ್ಲ ಸರಿಯಾಗಿಯೇ ಇತ್ತು, ಹೆಚ್ಚೇ ಸರಿಯಾಗಿತ್ತು.

"ನಾಳೆ ಬರ್ತೀರಲ್ರಿ ಭಾವಾ? ಅವ್ವ ಶೇಂಗಾ ಉಂಡಿ ಕಟ್ಯಾಳ."

"ನೋಡೋಣು. ಡ್ಯೂಟಿ ಐತಿ ಅನಸ್ತೈತಿ. ಹಬ್ಬ ಮುಗದ ಮ್ಯಾಲ ನೀನ ಬಿಟ್ಟು ಹೋಗು ಆಕಿನ್ನ."

ಅಕ್ಕ ಬಾಗಿಲ ಕಡೆ ಮುಖ ತಿರುಗಿಸಿದಳು. ಹೊಸ ಹಸಿರು ಬಳೆಗಳು ಅವಳ ಕೈಯಲ್ಲಿ ಸದ್ದು ನಿಲ್ಲಿಸಿದವು.

ಲಿಂಗಂಪಲ್ಲಿಯ ಶೇರ್ ಆಟೊದಲ್ಲಿ ಇಬ್ಬರೂ ಮಂದಿಯ ನಡುವೆ ಒತ್ತಿಕೊಂಡು ಕೂತಿದ್ದರು. ಸ್ವಲ್ಪ ದೂರ ಬಂದ ಮೇಲೆ ಅವಳೇ ಮೆಲ್ಲಗೆ ಅಂದಳು, "ಡ್ಯೂಟಿ ಗೀಟಿ ಏನಿಲ್ಲೋ. ನಾಚಿಕಿ ಅವರಿಗೆ. ಊಟದ ಹೊತ್ತಿನ್ಯಾಗ ಟೆರೇಸ್ ಮ್ಯಾಲ ಕುಂತು ಮೊಬೈಲ್‌ನ್ಯಾಗ ನಿಮ್ಮ ಆಟ ನೋಡಿ ನೋಡಿ ಕಲಿಯಾಕತ್ತಿದ್ರು. ಈಗ ಬಿಟ್ಟಾರ. 'ನನ್ನ ಸಲುವಾಗಿ ಗುರುಶಾಂತ ದೋಸ್ತರ ಮುಂದ ಸಣ್ಣಾಂವ ಆದ, ಇನ್ನ ಅವನ ಮನಿಗೆ ಹೋಗಿ ಹ್ಯಾಂಗ ಕುಂಡರ್ಲಿ' ಅಂತಾರ. ನೀ ಅವರಿಗೆ ಏನರ ಅಂದ್ಯಾ?"

"ಇಲ್ಲಕ್ಕಾ."

ಅದು ನಿಜವೇ. ಬಾಯಲ್ಲಿ ಏನೂ ಅಂದಿರಲಿಲ್ಲ. ಆಟೊ ಗುಂಡಿಗೆ ಬಿದ್ದು ಎದ್ದಾಗ ಎಲ್ಲರ ತಲೆಯೂ ಆಡಿತು. ಅವನ ತಲೆಯೂ ಆಡಿತು. ಅವನು ಕಣ್ಣು ಮುಚ್ಚಿಕೊಂಡ.

ಹಬ್ಬದ ದಿನ ಮಾಣಿಕಪ್ಪ ಫ್ಲಾಟಿನವರನ್ನು ಕೇಳಿ ಪಾರ್ಕಿಂಗಿನ ತೊಲೆಗೆ ಹಗ್ಗ ಕಟ್ಟಿ ಜೋಕಾಲಿ ಹಾಕಿದ್ದ. ಎರಡು ಕಾರುಗಳ ನಡುವಿನ ಖಾಲಿ ಜಾಗದಲ್ಲಿ ಅಕ್ಕ ಮೆಲ್ಲಗೆ ಜೀಕುತ್ತಿದ್ದಳು, ಜೀಕುತ್ತಾ ಗೇಟಿನ ಕಡೆ ನೋಡುತ್ತಿದ್ದಳು. ಅಬಿಡ್ಸಿನ ಅಂಗಡಿಯಿಂದ ಅಳಿಯನಿಗೆ ಉಡುಗೊರೆಯೆಂದು ತಂದ ಆಯಾರದ ಅಂಗಿ ಬಟ್ಟೆ ಕುಂಕುಮ ಹಚ್ಚಿಸಿಕೊಂಡು ತಟ್ಟೆಯಲ್ಲಿ ಕಾದಿತ್ತು. ಒರೆಸಿದ ಕುರ್ಚಿಯೂ ಕಾದಿತ್ತು. ಗುಂಡಮ್ಮ ಉಂಡಿಯ ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಮುಚ್ಚಿದಳು.

ಗುರುಶಾಂತ ಹೊರಗೆ ಬಂದು ಭಾವನಿಗೆ ಫೋನ್ ಮಾಡಿದ.

"ಭಾವಾ, ನರಹರಿ ಅಂಗಡಿಗೆ ಬರ್ರಿ. ಮನಿಗೆ ಬ್ಯಾಡ, ಅಂಗಡಿಗೆ."

"ಯಾಕೋ? ಹಬ್ಬದ ದಿನ ಏನು ಆಟ?"

"ಆಟ ಅಲ್ರಿ. ನಿಮಗೊಂದು ತೋರಸಬೇಕು. ಅವರಿಬ್ಬರಿಗೂ ಕರದೀನಿ. ನೀವು ಬರಲಿಲ್ಲಂದ್ರ ನಾ ಟಿವಿ ಹೊತಗೊಂಡು ಮಿಯಾಪುರಕ್ಕ ಬರ್ತೀನಿ."

ಅವನ ದನಿಯಲ್ಲಿ ಏನಿತ್ತೋ, ಭಾವ ಬಂದ. ರಾಮದಾಸ, ಅರವಿಂದ್ ಮೊದಲೇ ಬಂದು ಕೂತಿದ್ದರು. ಗುರುಶಾಂತ ಯಾರ ಮುಖವನ್ನೂ ನೋಡದೆ ಟಿವಿ ಹಾಕಿ, ತನ್ನ ಬೊಂಬೆಯ ಕವಚಗಳ ಪರದೆ ತೆರೆದ. ಬಿಳಿಯ ಮೆತ್ತನೆಯ ಉಡುಪು ಅಷ್ಟಗಲಕ್ಕೆ ಬಂದು ನಿಂತಿತು. ಅವನಿಗೆ ಬೀದಿಯಲ್ಲಿ ಬರಿಮೈಯಲ್ಲಿ ನಿಂತಂತಾಯಿತು.

"ಇದನ್ನ ಹಾಕ್ಕೊಂಡು ಆಡೀನ್ರಿ ನಾ, ಎರಡೂ ವಾರ," ಅಂದ. "ಇಲ್ಲಿ ಕಣ್ಣಿಗೆ ಕತ್ತಲಿ ತರಸೋ ಹರಳಿತ್ತು, ತಗದೆ. ಇಲ್ಲಿ ಬಲದ್ದಿತ್ತು, ಅದನ್ನೂ ತಗದೆ. ಬಾಲದ ಕಡಿಗೆ ನಿಂತೆ. ಭಾವಗ ಮತ್ತ ಪೆಟ್ಟು ಹತ್ತಬಾರದಂತ. ಅವರು ಬಿದ್ದಿದ್ದು ಅವರಿಂದ ಅಲ್ರಿ. ತಲೀ ಕಡಿಗೆ ನಾ ಇರಲಿಲ್ಲ, ಅದಕ್ಕ."

ಅರವಿಂದ್ ಪರದೆಯ ಹತ್ತಿರ ಬಗ್ಗಿ ನೋಡಿ, "ಅಯ್ಯೋ ಪುಣ್ಯಾತ್ಮ" ಅಂದ. ರಾಮದಾಸ ಮಾತ್ರ ಟಿವಿ ನೋಡುತ್ತಿರಲಿಲ್ಲ, ಗುರುಶಾಂತನನ್ನೇ ನೋಡುತ್ತಿದ್ದ. ಅವನಿಗೆ ಆ ತಲೆಯಾಡಿಕೆ ನೆನಪಿತ್ತು.

ಭಾವ ಗುರುಶಾಂತನ ಕಡೆ ತಿರುಗಿದ. "ಅಂದ್ರ ನಾ ಅಲ್ಲಿ ಬೆಂಕ್ಯಾಗ ಸುಟಗೋಳಾಕತ್ತಿದ್ದೆ, ನೀ ಹಿಂದ ನಿಂತು ನನಗ ಮರ್ಯಾದಿ ಕೊಡಾಕತ್ತಿದ್ದಿ?"

"ಮೊದಲನೇ ದಿನ ನಿಮಗ ಬ್ಯಾಸರಾತಲ್ರಿ... ಎದ್ದು ಹೋದ್ರಿ..."

"ಆತು. ಸುಳ್ಳ ಯಾಕ ಹೇಳ್ಲಿ? ಹೊಸಾ ಮಂದಿ ಮುಂದ ಹಾರಿ ಬಿದ್ದೆ, ಬ್ಯಾಸರಾತು. ಹೋಗಿ ಛಾ ಕುಡದೆ, ಹೋತು. ಒಂದ ಕಪ್ ಛಾಕ್ಕ ಮುಗಿಯೋ ಮಾತು ಅದು! ನೀ ಅದನ್ನ ಇಷ್ಟು ದಿನ ಎಳದಿ." ಭಾವನ ದನಿ ಏರಿತು. "ಲಗ್ನದಾಗ ಕಿವಿ ಹಿಂಡು ಅಂದ್ರ ಮುಟ್ಟಿ ಓಡಿದಿ. ಅವತ್ತೇ ಅನಕೊಂಡೆ, ಈ ಹುಡುಗ ನನ್ನ ಸನೇಕ ಬರಾಂವಲ್ಲ ಅಂತ. ಅದಕ್ಕ ನಿನ್ನ ಆಟ ಕಲೀತೀನಿ ಅಂತ ನಾನ ಬಂದೆ. ಇಲ್ಲೂ ನನಗ ನೆಂಟನ್ನ ಮಾಡಿ ಕುಂಡರಿಸಿದ್ಯಲ್ಲೋ!"

ಭಾವ ಖಾಲಿ ಕುರ್ಚಿ ಎಳೆದು ಪಕ್ಕದಲ್ಲೇ ಕೂತ.

"ಹಾಕ್ಕೋ ನಿಂದು ಹಳೇದು. ನನ್ನ ಮುಂದ ಹಾಕ್ಕೋ."

ಒಂದೊಂದಾಗಿ ಬಿಳಿಯ ಉಡುಪು ಇಳಿಯಿತು. ಕಿವಿಯ ಶಿರಸ್ತ್ರಾಣ, ಉಸಿರಿನ ಪಟ್ಟಿ, ಹರಳು, ಕೈಗವಚ ಮೇಲೇರಿದವು. ಅರವಿಂದ್ ಭಾವನ ರಿಮೋಟು ತೆಗೆದುಕೊಂಡು, "ನೀವು ಇದನ್ನ ಹಾಕ್ಕೊಳ್ಳಿ ಸಾರ್. ನಮ್ಮವರ ಏಟು ತಾಗಿದ್ರೆ ಮುಗ್ಗರಿಸದ ಹಾಗೆ ಕಾಯುತ್ತೆ" ಅಂತ ಒಂದು ಹರಳು ಕೂರಿಸಿಕೊಟ್ಟ. "ಕೆಳಗಿಂದ ಬೀಸಿದ್ರೆ ಮಾತ್ರ ಇದೂ ಕಾಯಲ್ಲ. ಹಾರ್ತೀರಾ."

"ಹಾರ್ತೀನಿ, ನಡೀರಿ."

ಬೇಟೆ ಶುರುವಾಯಿತು. ಗುರುಶಾಂತ ತಲೆಯ ಎದುರು ನಿಂತ. ಬಡಿದ, ಮತ್ತೆ ಬಡಿದ. ಆದರೆ ಭಾವ ಪಕ್ಕಕ್ಕೆ ಬಂದಾಗಲೆಲ್ಲ ಕೈ ತಡೆಯುತ್ತಿತ್ತು. ಕೊನೆಗೆ ಕೆಂಪ್ಯಾ ತೂರಾಡುತ್ತಾ ತಲೆ ಬಗ್ಗಿಸಿತು. ಸುತ್ತಿಗೆ ಕೆಂಡವಾಗಿ ಹೊಳೆಯುತ್ತಿತ್ತು, ಗದ್ದದ ಕೆಳಗೆ ಸರಿಯಾಗಿ ಭಾವ. ಗುರುಶಾಂತನ ಬೆರಳು ಗುಂಡಿಯ ಮೇಲೆ ಕಲ್ಲಾಯಿತು.

"ಹೊಡಿಯೋ!" ಅಂತ ಕೂಗಿದ ಭಾವ. "ಹೊಡಿತೀಯೋ ಇಲ್ಲ ನಿಮ್ಮವ್ವಗ ಹೇಳ್ಲೋ!"

ಹೊಡೆದ. ಭಾವ ಆಕಾಶಕ್ಕೆ ಹೋದ. ಕೆಂಪ್ಯಾ ನೆಲಕ್ಕೆ ಬಂತು. ಮೇಲಿಂದ ಬೀಳುತ್ತಾ ಬಂದ ಭಾವ ಸೀದಾ ಅದರ ಹೊಟ್ಟೆಯ ಮೇಲಿಳಿದು ತನ್ನ ಸಣ್ಣ ಕತ್ತಿಯಿಂದ ಚುಚ್ಚತೊಡಗಿದಾಗ ನರಹರಿ ಕೂಡ ಗಲ್ಲಾ ಬಿಟ್ಟು ಎದ್ದು ನಿಂತ.

ಸಂಜೆಗೆ ಭಾವ ಲಿಂಗಂಪಲ್ಲಿಯ ಪಾರ್ಕಿಂಗಿಗೆ ಬಂದ. ಭಾಗ್ಯಶ್ರೀ ಜೋಕಾಲಿಯಿಂದ ಇಳಿಯುವ ಗಡಿಬಿಡಿಯಲ್ಲಿ ಚಪ್ಪಲಿ ಎಲ್ಲಿ ಬಿಟ್ಟೆ ಅಂತ ಹುಡುಕಿದಳು. ಗುಂಡಮ್ಮ ಸೆರಗು ಸರಿಮಾಡಿಕೊಂಡು, "ಕುಂಡರ್ರಿ, ಕುರ್ಚಿ ಮ್ಯಾಲ ಕುಂಡರ್ರಿ" ಅಂದಳು. ಭಾವ ಕೂತ. ಉಂಡ, ಉಂಡಿ ಮೆಚ್ಚಿದ, ಆಯಾರದ ಬಟ್ಟೆಯನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡ. ಪಾರ್ಲರಿನ ಮಾತು ಬರಲೇ ಇಲ್ಲ. ಬಡಿಸುತ್ತಿದ್ದ ಗುರುಶಾಂತನನ್ನು ಅವ್ವ ಹೆಮ್ಮೆಯಿಂದ ನೋಡಿದಳು. ಆ ಹೆಮ್ಮೆ ಅವನಿಗೆ ಮುಳ್ಳಿನ ಹಾಗೆ ಚುಚ್ಚಿತು. ಅಂಗಡಿಯಲ್ಲಿ ಎಲ್ಲ ಹೇಳಿದ್ದ, ಒಂದನ್ನು ಬಿಟ್ಟು. ರಾಮದಾಸ ಅದನ್ನು ಯಾರಿಗೂ ಹೇಳುವವನಲ್ಲ. ಸುಮ್ಮನಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು.

ಭಾವ ಕೈ ತೊಳೆಯಲು ನಲ್ಲಿಯ ಹತ್ತಿರ ಹೋದಾಗ ಗುರುಶಾಂತ ಹಿಂದೆಯೇ ಹೋದ.

"ಭಾವಾ, ಇನ್ನೊಂದು ಐತಿ."

"ಇನ್ನೇನೋ?"

"ಆವತ್ತ ನೀವು ಹೋದ ಮ್ಯಾಲ ರಾಮದಾಸ ಕೇಳಿದ. ನಿಮ್ಮ ಭಾವನಿಂದನ ಸೋತೇವಿ, ಖರೆ ಹೌದಲ್ಲೋ ಅಂತ." ಅವನು ಇನ್ನೊಂದು ಹೆಜ್ಜೆ ಹತ್ತಿರ ಬಂದ. "ನಾ ಹೌದು ಅಂತ ತಲಿ ಅಲುಗಿಸಿದೆ."

ನಲ್ಲಿ ಹರಿಯುತ್ತಲೇ ಇತ್ತು. ಭಾವ ಅದನ್ನು ನಿಲ್ಲಿಸಿದ. ಕೈ ಒರೆಸಿಕೊಂಡ, ಒಂದೊಂದೇ ಬೆರಳು. ಗುರುಶಾಂತನ ಕಣ್ಣು ಸಿಮೆಂಟಿನ ಮೇಲಿನ ಎಣ್ಣೆ ಕಲೆಯ ಮೇಲಿತ್ತು. ಅಲ್ಲಿಂದ ಎತ್ತುವ ಧೈರ್ಯವಿರಲಿಲ್ಲ.

ಭಾವ ಗೇಟು ದಾಟಿ ರಸ್ತೆಗೆ ಹೋದ. ಅಲ್ಲಿ ತಿರುವಿನಲ್ಲಿ ಇರಾನಿ ಚಹಾದ ಅಂಗಡಿ. ಗುರುಶಾಂತ ಅಲ್ಲೇ ನಿಂತ. ಹಿಂದೆ ಜೋಕಾಲಿಯ ಹಗ್ಗ ಕಿರ್ರೆನ್ನುತ್ತಿತ್ತು. ಅಕ್ಕ ಜೀಕುವುದನ್ನು ನಿಲ್ಲಿಸಿದ್ದು ಸದ್ದಿನಲ್ಲೇ ಗೊತ್ತಾಯಿತು. ಮತ್ತೆ ಅದೇ ಬೆನ್ನು, ಮತ್ತೆ ದೂರ ಹೋಗುತ್ತಿದ್ದ ಬೆನ್ನು.

ತಿರುವಿನಲ್ಲಿ ಆ ಬೆನ್ನು ನಿಂತಿತು.

"ಇದು ಒಂದು ಛಾಕ್ಕ ಮುಗಿಯಂಗಿಲ್ಲ," ಅಂದ ಭಾವ, ತಿರುಗದೆಯೇ. "ಎರಡು ಬೇಕಾಗ್ತೈತಿ. ಬರ್ತೀಯೋ, ಅಲ್ಲೇ ಬಾಲದ ಕಡೆ ನಿಂದರ್ತೀಯೋ?"

ಗುರುಶಾಂತ ಹೋದ. ಹಿಂದೆ ಹಿಂದೆ ಅಲ್ಲ, ಸ್ವಲ್ಪ ಓಡಿ, ಪಕ್ಕಕ್ಕೆ.